ಭುಜಕ್ಕೆ ಹಚ್ಚುವ ಔಷಧಿ

ಭಾವ ನನಗೆ ಫೋನ್ ಮಾಡುವವರಲ್ಲ. ನನ್ನ ಹುಟ್ಟುಹಬ್ಬಕ್ಕೂ ಅಕ್ಕ ತನ್ನ ಫೋನನ್ನು ಅವರ ಕೈಗೆ ಕೊಟ್ಟರೆ ಎರಡು ಮಾತು ಹೇಳಿ ವಾಪಸು ಕೊಟ್ಟುಬಿಡುತ್ತಾರೆ. ಹಾಗಾಗಿ ಆ ಮಧ್ಯಾಹ್ನ ಪರದೆಯ ಮೇಲೆ ಅವರ ನಂಬರ್ ಕಂಡಾಗ ನಾನು ಕೈಗವಸು ಕಳಚಿ, ಲ್ಯಾಬಿನಿಂದ ಕಾರಿಡಾರಿಗೆ ಬಂದು ಮಾತಾಡಿದೆ.

ಜರ್ಮನ್‌ಟೌನಿನಲ್ಲಿ ನಾನು ಕೆಲಸ ಮಾಡುವ ಕಂಪನಿ ಔಷಧಿ ತಯಾರಿಸುತ್ತದೆ. ತಯಾರಾದ ಔಷಧಿಯ ಪ್ರಮಾಣ ಸರಿಯಾಗಿದೆಯೇ ಎಂದು ಪರೀಕ್ಷಿಸುವ ವಿಭಾಗ ನನ್ನದು. ರೋಗಿಗಳ ರಕ್ತಕ್ಕೂ ನನಗೂ ಸಂಬಂಧವಿಲ್ಲ. ಆದರೆ ನಮ್ಮ ಮನೆಯವರ ಲೆಕ್ಕದಲ್ಲಿ ಲ್ಯಾಬ್ ಎಂದರೆ ಲ್ಯಾಬ್.

"ನೀನು ಲ್ಯಾಬಲ್ಲಿ ಇರೋಳಲ್ವಾ, ಒಂದು ಕೇಳ್ಬೇಕಿತ್ತು," ಎಂದರು ಭಾವ. "ಬ್ಲಡ್ ಟೆಸ್ಟ್ ತಪ್ಪಾಗೋ ಚಾನ್ಸ್ ಇರುತ್ತಾ?"

"ಯಾರ್ದು ಭಾವ?"

"ಪುಟ್ಟೀದು."

ಪುಟ್ಟಿ ಅಕ್ಕನ ಮಗಳು. ಆಗ ಕಿಂಡರ್‌ಗಾರ್ಟನ್ನಿನಲ್ಲಿದ್ದಳು. ಆಫೀಸಿನ ಮೀಟಿಂಗಿನಲ್ಲಿ ವರದಿ ಒಪ್ಪಿಸುವಂತೆ ಭಾವ ಒಂದೊಂದಾಗಿ ಹೇಳಿದರು. ಚಳಿಗಾಲದ ಹೊತ್ತಿಗೆ ಮಗುವಿನ ಬೆವರಿಗೆ ದೊಡ್ಡವರ ಬೆವರಿನ ವಾಸನೆ ಬರತೊಡಗಿತ್ತು. ಹಣೆಯಲ್ಲಿ ಮೊಡವೆ ಎದ್ದವು, ಕಾಲಿನಲ್ಲಿ, ಕಂಕುಳಲ್ಲಿ ಕೂದಲು ಕಾಣಿಸಿತು. ಎತ್ತರವೂ ಬೇಗಬೇಗ ಬೆಳೆಯುತ್ತಿತ್ತು. ಮಕ್ಕಳ ಡಾಕ್ಟರು ಶಾರ್ಲೆಟ್ ನಗರದ ಹಾರ್ಮೋನ್ ತಜ್ಞೆಯ ಬಳಿಗೆ ಕಳಿಸಿದ್ದರು. ಮಗುವಿನ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಇತ್ತು, ಮೀಸೆ ಚಿಗುರುವ ವಯಸ್ಸಿನ ಹುಡುಗನಿಗೆ ಇರುವಷ್ಟು.

"ನಾನೊಂದು ಜೆಲ್ ಯೂಸ್ ಮಾಡ್ತೀನಿ. ಅಕ್ಕ ಹೇಳಿರ್ಬಹುದು ನಿಂಗೆ."

"ಇಲ್ಲ," ಎಂದೆ.

ಯಾವುದಕ್ಕೆ ಎಂದು ಅವರಾಗಿ ಹೇಳುವವರೆಗೆ ನಾನು ಕೇಳಲಿಲ್ಲ. ಇಂಥ ವಿಷಯಗಳಲ್ಲಿ ನಾವಿಬ್ಬರೂ ಒಂದೇ ಜಾತಿ.

ಅವರಿಗೆ ಆಪರೇಷನ್ ಆಗಿದ್ದು ನಮಗೆಲ್ಲ ಗೊತ್ತಿತ್ತು. ಕೋವಿಡ್ ಶುರುವಾದ ವರ್ಷ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಕಂಡು, ಮೂಗಿನ ಮೂಲಕ ಅದನ್ನು ತೆಗೆದಿದ್ದರು. ಆಸ್ಪತ್ರೆಯೊಳಗೆ ಯಾರನ್ನೂ ಬಿಡದ ಕಾಲ. ಅಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ಪಾರ್ಕಿಂಗ್ ಜಾಗದಲ್ಲಿ ಕಾರಿನಲ್ಲೇ ಕಾದಿದ್ದಳು. ಮೈಸೂರಿನಲ್ಲಿ ಅಮ್ಮ ಅದನ್ನು 'ತಲೆ ಆಪರೇಷನ್' ಎಂದು ಕರೆದಳು, ಮನೆಯಲ್ಲಿ ಅದೇ ಹೆಸರು ಉಳಿಯಿತು. ಗಡ್ಡೆ ಹೋಯಿತು, ಆದರೆ ಆ ಗ್ರಂಥಿ ದೇಹದ ಉಳಿದ ಗ್ರಂಥಿಗಳಿಗೆ ಕೊಡಬೇಕಾದ ಸೂಚನೆಗಳಲ್ಲಿ ಒಂದು ನಿಂತೇಹೋಯಿತು. ಇದು ಮಾತ್ರ ನನಗೆ ಗೊತ್ತಿರಲಿಲ್ಲ. ಅವರ ದೇಹ ಟೆಸ್ಟೋಸ್ಟೆರಾನ್ ತಯಾರಿಸುವುದನ್ನು ಬಿಟ್ಟಿತ್ತು. ನಲವತ್ತು ತುಂಬದ ಮನುಷ್ಯ ಮಹಡಿ ಮೆಟ್ಟಿಲ ಮಧ್ಯೆ ನಿಂತು ಸುಧಾರಿಸಿಕೊಳ್ಳಬೇಕಾಗಿತ್ತು. ಮೂಳೆ ಸವೆಯುತ್ತಿತ್ತು, ರಕ್ತ ಕಡಿಮೆಯಾಗಿತ್ತು. ಡಾಕ್ಟರು ಬೇರೆ ಬೇರೆ ದಿನ ಬೆಳಗಿನ ರಕ್ತ ತೆಗೆಸಿ ನೋಡಿ, ಖಚಿತವಾದ ಮೇಲೆ ಜೆಲ್ ಬರೆದುಕೊಟ್ಟಿದ್ದರು. ಪ್ರತಿದಿನ ಸ್ನಾನದ ನಂತರ ಭುಜಗಳಿಗೆ ಹಚ್ಚಿ, ಒಣಗಲು ಬಿಟ್ಟು, ಕೈ ತೊಳೆದು, ಅಂಗಿ ಹಾಕಿಕೊಳ್ಳಬೇಕು. ಹೆಂಗಸರ, ಮಕ್ಕಳ ಮೈ ಆ ಜಾಗಕ್ಕೆ ತಗಲಬಾರದು. ಒಣಗಿದ ಮೇಲೂ, ತೊಳೆಯದ ಚರ್ಮದಿಂದ ಅದು ಇನ್ನೊಬ್ಬರಿಗೆ ದಾಟುತ್ತದೆ.

"ಮೊದ್ಲು ಡಾಕ್ಟರ್ ನನ್ನನ್ನೇ ಡೌಟ್ ಪಟ್ರು," ಎಂದರು ಭಾವ. "ಸರಿನೇ. ಬೆಳಿಗ್ಗೆ ಬನಿಯನ್ನಲ್ಲಿರ್ತೀನಿ, ಪುಟ್ಟಿ ಬಂದು ಭುಜದ ಮೇಲೆ ಮಲಗ್ತಾಳೆ. ಜೆಲ್ ಅವತ್ತೇ ನಿಲ್ಲಿಸ್ದೆ. ಇಂಜೆಕ್ಷನ್‌ಗೆ ಚೇಂಜ್ ಮಾಡಿದ್ರು. ಕೆಲವು ವಾರ ಬಿಟ್ಟು ಪುಟ್ಟೀಗೆ ಮತ್ತೆ ಟೆಸ್ಟ್ ಮಾಡಿದ್ರು."

"ಇಳೀತಾ?"

"ಜಾಸ್ತಿ ಆಗಿದೆ."

ಹಾಗಾದರೆ ಅದು ಮಗುವಿನ ದೇಹದೊಳಗಿನಿಂದಲೇ ಬರುತ್ತಿರಬೇಕು ಎಂಬುದು ಡಾಕ್ಟರ ಮುಂದಿನ ಅನುಮಾನ. ಮೂತ್ರಪಿಂಡದ ಮೇಲಿರುವ ಗ್ರಂಥಿಯಲ್ಲೋ ಅಂಡಾಶಯದಲ್ಲೋ ಏನಾದರೂ ಬೆಳೆದಿದೆಯೇ ಎಂದು ನೋಡಲು, ಮಗುವಿಗೆ ಅರಿವಳಿಕೆ ಕೊಟ್ಟು ಸ್ಕ್ಯಾನ್ ಮಾಡಬೇಕೆಂದಿದ್ದರು. ದಿನವೂ ಗೊತ್ತಾಗಿತ್ತು. ಅಲ್ಲಿಯವರೆಗೆ ಬಹುಪಾಲು ಇಂಗ್ಲಿಷಿನ ಪದಗಳಲ್ಲೇ ಹೇಳುತ್ತಿದ್ದ ಭಾವ ಕೊನೆಯ ವಾಕ್ಯವನ್ನು ಮಾತ್ರ ಕನ್ನಡದಲ್ಲಿ ಹೇಳಿದರು: "ಅವಳಿಗೂ ಗಡ್ಡೆ ಇರ್ಬಹುದು ಅಂತಾರೆ."

"ಎರಡು ಸಲ ಬಂದಿದ್ರೆ ಟೆಸ್ಟ್ ತಪ್ಪಿರಲ್ಲ ಭಾವ. ಎಲ್ಲಿಂದಲೋ ಬರ್ತಿದೆ."

"ಅದೇ. ಎಲ್ಲಿಂದ ಅಂತ."

ಫೋನ್ ಇಡುವ ಮುಂಚೆ, "ಅತ್ತೆಗೆ ಈ ಜೆಲ್ ವಿಷಯ ಗೊತ್ತಿಲ್ಲ," ಎಂದರು. ಹೇಳಬೇಡ ಎನ್ನಲಿಲ್ಲ, ಎನ್ನುವ ಅಗತ್ಯವೂ ಇರಲಿಲ್ಲ.

ಅತ್ತೆ ಎಂದರೆ ನಮ್ಮ ಅಮ್ಮ. ಹೈಸ್ಕೂಲು ಟೀಚರ್ ಆಗಿ ನಿವೃತ್ತಳಾದವಳು. ಆ ಶರತ್ಕಾಲದಲ್ಲಿ ಮೈಸೂರಿನಿಂದ ಫೋರ್ಟ್ ಮಿಲ್ಲಿನ ಅಕ್ಕನ ಮನೆಗೆ ಬಂದು ಇಳಿದಿದ್ದಳು.

ಭಾವ ಏಕೆ ಮುಚ್ಚಿಟ್ಟರು ಎಂದು ನಾನು ಕೇಳಲಿಲ್ಲ, ಏಕೆಂದರೆ ಹಿಂದಿನ ಯುಗಾದಿಯ ಪಾಟ್‌ಲಕ್, ಮನೆಗೊಂದು ಅಡುಗೆ ತಂದು ಕೂಡಿ ಉಣ್ಣುವ ಊಟ, ನೆನಪಾಯಿತು. ಫೋರ್ಟ್ ಮಿಲ್ಲಿನ ಕನ್ನಡದವರು ಬಡಾವಣೆಯ ಕ್ಲಬ್‌ಹೌಸಿನಲ್ಲಿ ಸೇರಿದ್ದರು. ಅಕ್ಕನ ಪಕ್ಕದ ಬೀದಿಯ ಅಂಕಲ್ ಒಬ್ಬರು ಹೋಳಿಗೆಯ ಮೇಜಿನ ಬಳಿ ನಿಂತು, ಯಾವುದೋ ಕ್ಲಿನಿಕ್ಕಿನಲ್ಲಿ ತಾವು ಟೆಸ್ಟೋಸ್ಟೆರಾನ್ ತೆಗೆದುಕೊಳ್ಳಲು ಶುರು ಮಾಡಿದ್ದನ್ನು ವರ್ಣಿಸುತ್ತಿದ್ದರು.

"ವಯಸ್ಸಾದ್ಮೇಲೆ ಎಲ್ಲಾ ಗಾಡಿಗೂ ಆಯಿಲ್ ಚೇಂಜ್ ಬೇಕಪ್ಪಾ. ಬೆಳಿಗ್ಗೆ ಹಾಸಿಗೆಯಿಂದ ಎದ್ದರೆ ಕುದುರೆ, ಕುದುರೆ!"

"ನಮಗೆಲ್ಲಾ ಕೋವಿಡ್ ಬೂಸ್ಟರ್, ಅಂಕಲ್‌ಗೆ ಬೇರೆ ಬೂಸ್ಟರ್," ಎಂದನೊಬ್ಬ.

"ಮೈಲೇಜ್ ಎಷ್ಟು ಕೊಡ್ತಿದೆ ಅಂತ ಆಂಟೀನ ಕೇಳ್ರೋ!"

ಎಲ್ಲರೂ ನಕ್ಕರು. ಆಂಟಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ಭಾವ ತಟ್ಟೆ ಹಿಡಿದುಕೊಂಡು ನೀರು ತರಲು ಹೋದವರು ಆ ಗುಂಪಿಗೆ ವಾಪಸು ಬರಲಿಲ್ಲ. ಅವತ್ತು ನನಗೆ ಅದು ಏನೂ ಅನ್ನಿಸಿರಲಿಲ್ಲ.

ವಾರಾಂತ್ಯಕ್ಕೆ ನಾನು ಫೋರ್ಟ್ ಮಿಲ್ಲಿಗೆ ಕಾರಿನಲ್ಲಿ ಹೊರಟೆ. ಒಂದು ವಾರ ಅಲ್ಲಿಂದಲೇ ಕೆಲಸ ಮಾಡಲು ಅನುಮತಿ ಕೇಳಿದ್ದೆ. ಲೆಕ್ಕಾಚಾರದ ಕೆಲಸ ಬಾಕಿ ಇತ್ತು, ಅದನ್ನು ಎಲ್ಲಿ ಕೂತು ಮಾಡಿದರೂ ಒಂದೇ. ನಾರ್ತ್ ಕೆರೊಲಿನಾದ ಹೆದ್ದಾರಿಯುದ್ದಕ್ಕೂ ದೊಡ್ಡ ಫಲಕಗಳು. ಸುಸ್ತೇ, ಸಿಟ್ಟೇ, ತೂಕ ಹೆಚ್ಚಿದೆಯೇ, ಒಳಗೆ ಬನ್ನಿ, ಅಪಾಯಿಂಟ್‌ಮೆಂಟ್ ಬೇಡ. ದೋಣಿಯ ಮೇಲೆ ನಿಂತು ನಗುವ ನೆರೆತ ಕೂದಲಿನ ಗಂಡಸಿನ ಚಿತ್ರ. ಹಿಂದೆಯೂ ಎಷ್ಟೋ ಸಲ ಆ ದಾರಿಯಲ್ಲಿ ಹೋಗಿದ್ದರೂ ಆ ಫಲಕಗಳನ್ನು ಓದಿರಲಿಲ್ಲ. ಸುಸ್ತು ಯಾರಿಗಿಲ್ಲ? ನಿದ್ದೆ ಇಲ್ಲದವನಿಗೂ ಸುಸ್ತೇ, ಭಾವನಿಗೂ ಸುಸ್ತೇ. ರಕ್ತ ನೋಡದೆ ಅವರಿಬ್ಬರನ್ನು ಬೇರೆ ಮಾಡಲು ಆಗುವುದಿಲ್ಲ, ಮತ್ತು ಫಲಕಕ್ಕೆ ಅವರನ್ನು ಬೇರೆ ಮಾಡುವ ಆಸಕ್ತಿಯಿಲ್ಲ.

ಅಮ್ಮ ಬಾಗಿಲಲ್ಲೇ ಶುರು ಮಾಡಿದಳು. "ಇಲ್ಲಿ ಹಾಲಿಗೇ ಏನೋ ಹಾಕ್ತಾರೆ ಕಣೇ. ಮಗು ಮೈಗೆ ಸೇರಿರೋದು ಅದೇ. ನಾನು ಬಂದ ದಿನವೇ ಹೇಳ್ದೆ, ಇದು ಹಸುವಿನ ಹಾಲಿನ ರುಚಿ ಅಲ್ಲ ಅಂತ. ಯಾರು ಕೇಳ್ತಾರೆ ನನ್ನ ಮಾತು?"

"ಆರ್ಗ್ಯಾನಿಕ್ ತರ್ತಿದೀವಲ್ಲಮ್ಮ," ಎಂದಳು ಅಕ್ಕ. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ಅದರ ಡಬ್ಬದ ಮೇಲೂ ಹಸು ಚಿತ್ರ ಇದೆ, ಇದರ ಡಬ್ಬದ ಮೇಲೂ ಇದೆ. ಏನ್ ಗ್ಯಾರಂಟಿ?"

ಪುಟ್ಟಿ ಓಡಿಬಂದು ನನ್ನ ಸೊಂಟ ಹಿಡಿದಳು. "ಚಿಕ್ಕಮ್ಮ, ಐ ಆಮ್ ದ ಟಾಲೆಸ್ಟ್ ಇನ್ ಮೈ ಕ್ಲಾಸ್! ಬಾಯ್ಸ್‌ಗಿಂತ!"

ಹಿಂದಿನ ಬೇಸಿಗೆಯಲ್ಲಿ ಅವಳು ಹಿಡಿಯುತ್ತಿದ್ದದ್ದು ನನ್ನ ತೊಡೆಯನ್ನು. ಅಕ್ಕ ಅಡುಗೆಮನೆಯ ಕಡೆ ತಿರುಗಿದಳು.

ಸೋಮವಾರ ಅಕ್ಕ ಶಾರ್ಲೆಟ್ಟಿನ ಆಫೀಸಿಗೆ ಹೋದಳು. ಭಾವ ಮಹಡಿಯ ಕೋಣೆಯಲ್ಲಿ ಕಾಲ್‌ನಲ್ಲಿದ್ದರು. ನಾನು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದೆ. ಶಾಲೆಯ ಬಸ್ಸಿನಿಂದ ಇಳಿದು ಬಂದ ಪುಟ್ಟಿ ಬ್ಯಾಗ್ ಎಸೆದು ಸೋಫಾದ ಮೇಲೆ ಉರುಳಿದಳು.

"ಅಜ್ಜಿ, ಲೆಗ್ ನೋವು. ಕೋಲ್ಡ್ ಥಿಂಗ್ ಹಾಕು."

"ಬಂದೆ ಬಂದೆ. ಅಷ್ಟು ಕುಣಿದ್ರೆ ನೋಯದೆ ಇರುತ್ತಾ?"

ಅಮ್ಮ ಮಹಡಿಗೆ ಹೋಗಿ ಬಂದಳು. ಮಗುವಿನ ಕಾಲುಗಳನ್ನು ಮಡಿಲಿಗೆ ಎಳೆದುಕೊಂಡು, ಒಂದು ಬಿಳಿ ಪಂಪ್ ಬಾಟಲಿಯನ್ನು ಒತ್ತಿ ಅಂಗೈಗೆ ಏನೋ ಹಾಕಿಕೊಂಡಳು. ಮೀನಖಂಡದಿಂದ ಹಿಮ್ಮಡಿಯವರೆಗೆ, ಮತ್ತೆ ಹಿಮ್ಮಡಿಯಿಂದ ಮೇಲಕ್ಕೆ, ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಉಜ್ಜುತ್ತಿದ್ದ ಹಾಗೆಯೇ ಉಜ್ಜತೊಡಗಿದಳು. ನಾನು ಪರದೆ ನೋಡುತ್ತಿದ್ದೆ. ತಲೆಯೆತ್ತುವಂತೆ ಮಾಡಿದ್ದು ಮೂಗು. ಅಮ್ಮ ಕಾಲು ಉಜ್ಜುವಾಗ ಬರಬೇಕಾದ ಘಾಟು, ಕಣ್ಣಲ್ಲಿ ನೀರು ತರಿಸುವ ಆ ಮುಲಾಮಿನ ವಾಸನೆ ಬಂದಿರಲಿಲ್ಲ.

"ಯಾವ ಮುಲಾಮಮ್ಮ ಅದು? ವಾಸನೇನೇ ಇಲ್ವಲ್ಲ."

"ಅದೇ ನಾನೂ ಅನ್ನೋದು. ನೋವಿನ ಔಷಧಿ ಅಂದ್ರೆ ಪಕ್ಕದ ಮನೆಗೂ ಗೊತ್ತಾಗ್ಬೇಕು. ಇದೇನೋ ಒಂದು ಗಳಿಗೆ ಸ್ಯಾನಿಟೈಸರ್ ಥರ ಘಮ್ ಅನ್ನುತ್ತೆ, ಹೋಗ್ಬಿಡುತ್ತೆ. ಊರಿಂದ ತಂದಿದ್ದು ಖಾಲಿ ಆಗಿ ಎಷ್ಟು ದಿನ ಆಯ್ತು!"

"ಇದು ಎಲ್ಲಿತ್ತು?"

"ಬಾತ್‌ರೂಮ್ ಶೆಲ್ಫಲ್ಲಿ. ನಿಮ್ಮ ಭಾವ ಅವ್ರ ಭುಜಕ್ಕೆ ತಂದಿಟ್ಟಿದ್ದು. ಈಗ ವಾಸಿ ಆಗಿರ್ಬೇಕು, ಮುಟ್ಟೋದೇ ಇಲ್ಲ. ಒಳ್ಳೇ ಔಷಧಿ ಸುಮ್ನೆ ಹಾಳಾಗುತ್ತಲ್ಲಾ ಅಂತ ನಾನೇ ಮುಗಿಸ್ತಿದೀನಿ. ಮೊದ್ಲು ಸ್ವಲ್ಪ ಸ್ವಲ್ಪ ತಗೋತಿದ್ದೆ, ಅವರಿಗೆ ಸಾಲ್ದೆ ಹೋದೀತು ಅಂತ."

"ನೀನೂ ಹಚ್ಕೋತೀಯಾ?"

"ಮಂಡಿಗೆ ಇನ್ನೇನು ತುಪ್ಪ ಹಚ್ಕೊಳ್ಲಾ?"

ನಾನು ಎದ್ದು ಬಾಟಲಿಯನ್ನು ತೆಗೆದುಕೊಂಡೆ. ಮೇಲೆ ಏನೂ ಬರೆದಿರಲಿಲ್ಲ. ಲೇಬಲ್ ಇದ್ದ ಜಾಗ ಅಂಟಂಟಾಗಿತ್ತು. "ಅಮ್ಮ, ಇವಳ ಕಾಲನ್ನ ಸೋಪು ಹಾಕಿ ತೊಳಿ, ಈಗಲೇ. ನಿನ್ನ ಕೈನೂ."

"ಯಾಕೆ? ಈಗ ತಾನೇ ಹಚ್ಚಿದೀನಿ."

"ಹೇಳ್ತೀನಿ. ಮೊದ್ಲು ತೊಳಿ."

"ಬಟ್ ಐ ಲೈಕ್ ದ ಕೋಲ್ಡ್ ಥಿಂಗ್," ಎಂದು ಪುಟ್ಟಿ ಅಳುಮೋರೆ ಮಾಡಿದಳು. "ನಿನ್ನ ಚಿಕ್ಕಮ್ಮ ದೊಡ್ಡ ಸೈಂಟಿಸ್ಟು, ನಡಿ," ಎಂದು ಗೊಣಗುತ್ತಾ ಅಮ್ಮ ಅವಳನ್ನು ಎಬ್ಬಿಸಿದಳು.

ಮಹಡಿಯ ಕೋಣೆಯ ಬಾಗಿಲಲ್ಲಿ ನಿಂತು ಬಾಟಲಿಯನ್ನು ತೋರಿಸಿದೆ. ಭಾವ ಮೈಕ್ ಮ್ಯೂಟ್ ಮಾಡಿದರು. ಅಮ್ಮ ಹೇಳಿದ್ದನ್ನು ಹೇಳಿದ ಹಾಗೆಯೇ ಒಪ್ಪಿಸಿದೆ. ಅವರು ಬಾಟಲಿಯನ್ನು ಕೈಗೆ ತೆಗೆದುಕೊಂಡು ಮೇಲೆ ಕೆಳಗೆ ಮಾಡಿ ತೂಕ ನೋಡಿದರು.

"ನಾನು ನಿಲ್ಲಿಸಿದಾಗ ಇದು ಹೆಚ್ಚುಕಡಿಮೆ ತುಂಬಿತ್ತು," ಎಂದರು. "ಅದಕ್ಕೆ ಮುಂಚೇನೂ ಬೇಗ ಮುಗೀತಿತ್ತು. ಪಂಪ್ ಸರಿ ಇಲ್ಲ ಅಂದ್ಕೊಂಡಿದ್ದೆ. ಲೇಬಲ್ ತೆಗೆದಿದ್ದು ನಾನೇ. ಬಿಸಿ ನೀರಲ್ಲಿ ನೆನೆಸಿ."

ಲ್ಯಾಪ್‌ಟಾಪಿನಿಂದ ಯಾರೋ ಅವರ ಹೆಸರು ಕರೆಯುತ್ತಲೇ ಇದ್ದರು. ಅವರು ಅದರ ಮುಚ್ಚಳ ಮುಚ್ಚಿ ಡಾಕ್ಟರಿಗೆ ಫೋನ್ ಮಾಡಿದರು. ಸ್ಪೀಕರಿನಲ್ಲಿ ಆ ತಜ್ಞೆ ಯಾರನ್ನೂ ಬೈಯಲಿಲ್ಲ. ಇದನ್ನು ಮುಂಚೆಯೂ ಕೇಳಿದವರ ಧ್ವನಿ. ಆ ಬಾಟಲಿ ಮನೆಯಿಂದ ಹೋಗಲಿ, ಹಾಸಿಗೆ ಬಟ್ಟೆ ಒಗೆಯಿರಿ, ಕೆಲವು ವಾರ ಬಿಟ್ಟು ಮತ್ತೆ ರಕ್ತ ನೋಡೋಣ, ಸ್ಕ್ಯಾನ್ ಮುಂದೂಡೋಣ ಎಂದರು. ರದ್ದು ಎನ್ನಲಿಲ್ಲ. ಅಜ್ಜಿಯ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಎಂದರು.

ಅಕ್ಕ ಬಂದ ಮೇಲೆ ಮೂವರೂ ಗರಾಜಿನಲ್ಲಿ ನಿಂತು ಮಾತಾಡಿದೆವು. ಅಮ್ಮ ಒಳಗೆ ಪುಟ್ಟಿಗೆ ಉಪ್ಪಿಟ್ಟು ತಿನ್ನಿಸುತ್ತಿದ್ದಳು.

"ಇದೇನು ಅಂತ ಅಮ್ಮ ಕೇಳಿದ್ಲು," ಎಂದಳು ಅಕ್ಕ. "ಬಂದ ಹೊಸದರಲ್ಲಿ. 'ಅದು ಅವರ ಭುಜಕ್ಕೆ' ಅಂದೆ. ಅಷ್ಟೇ ಅಂದಿದ್ದು. ಸುಳ್ಳಲ್ವಲ್ಲ, ಭುಜಕ್ಕೇ ತಾನೇ ಹಚ್ತಾರೆ?"

ಸುಳ್ಳಲ್ಲ. ನಾನು ಆಮೇಲೆ ಆ ಮಾತನ್ನು ಬಹಳ ಸಲ ತಿರುಗಿಸಿ ನೋಡಿದ್ದೇನೆ. ಭುಜಕ್ಕೆ ಎಂದರೆ ಹಚ್ಚುವ ಜಾಗವೂ ಹೌದು, ವಾಸಿಯಾಗಬೇಕಾದ ಜಾಗವೂ ಹೌದು. ಮಂಡಿಗೆ ಮುಲಾಮು, ಕಣ್ಣಿಗೆ ಡ್ರಾಪ್ಸ್ ಎನ್ನುವ ಮನೆಯಲ್ಲಿ ಭುಜಕ್ಕೆ ಔಷಧಿ ಎಂದರೆ ಭುಜನೋವಿಗೆ ಎಂದಲ್ಲದೆ ಬೇರೆ ಅರ್ಥ ಯಾರಿಗೂ ಹೊಳೆಯುವುದಿಲ್ಲ. ಅಕ್ಕ ಒಂದು ವಿಭಕ್ತಿ ಪ್ರತ್ಯಯದ ಹಿಂದೆ ಗಂಡನ ಗುಟ್ಟನ್ನು ಕಾಪಾಡಿದ್ದಳು.

"ಎಕ್ಸ್‌ಪೈರ್ ಆಗಿತ್ತು, ಅದಕ್ಕೇ ರಿಯಾಕ್ಷನ್ ಆಗಿದೆ ಅನ್ನೋಣ," ಎಂದಳು. "ಅಮ್ಮಂಗೆ ಸಾಕು ಅಷ್ಟು."

"ಬೇಡ," ಎಂದರು ಭಾವ. "ಅವರ ಬ್ಲಡ್ ಟೆಸ್ಟ್ ಮಾಡಿಸ್ಬೇಕು. ಏನಕ್ಕೆ ಅಂತ ಹೇಳ್ದೆ ಹೇಗೆ ಕರ್ಕೊಂಡ್ ಹೋಗೋದು? ನಾನೇ ಹೇಳ್ತೀನಿ."

"ನೀವಾ? ಅಮ್ಮಂಗಾ?"

"ಇನ್ಯಾರು ಹೇಳ್ತಾರೆ?"

ಅಮ್ಮ ಮತ್ತು ಭಾವ ಒಂದೇ ಸೋಫಾದಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಅತ್ತೆ ಬಂದರೆ ಅಳಿಯ ಎದ್ದು ನಿಲ್ಲುತ್ತಾರೆ, ಅಳಿಯ ಬಂದರೆ ಅತ್ತೆ ಸೆರಗು ಸರಿ ಮಾಡಿಕೊಳ್ಳುತ್ತಾಳೆ. ಊಟ ಆಯ್ತಾ, ಬಿಸಿಲು ಜಾಸ್ತಿ, ಇವೇ ಅವರ ಮಾತುಕತೆ. ಆ ಸಂಜೆ ಕಾಫಿಯ ಲೋಟಗಳನ್ನು ಇಟ್ಟ ಮೇಲೆ ಭಾವ ಬಂದು ಮೆಟ್ಟಿಲ ಕೊನೆಯ ಹಂತದ ಮೇಲೆ ಕೂತರು. ಪುಟ್ಟಿಯನ್ನು ನಾನು ಹಿತ್ತಲಿಗೆ ಕಳಿಸಿ, ಗಾಜಿನ ಬಾಗಿಲ ಬಳಿ ಅವಳ ಮೇಲೆ ಕಣ್ಣಿಟ್ಟು ನಿಂತಿದ್ದೆ. ಮಾತು ಕೇಳಿಸುತ್ತಿತ್ತು.

"ಅತ್ತೆ, ಅದು ನೋವಿನ ಔಷಧಿ ಅಲ್ಲ."

"ಮತ್ತೆ?"

"ತಲೆ ಆಪರೇಷನ್ ಆದ್ಮೇಲೆ ನನ್ನ ದೇಹದಲ್ಲಿ ಒಂದು ಹಾರ್ಮೋನ್ ಆಗ್ತಿಲ್ಲ. ಗಂಡಸರ ಹಾರ್ಮೋನ್." ಆ ಎರಡು ಪದಗಳನ್ನು ಹೇಳುವಾಗ ಅವರು ನೆಲ ನೋಡಿದರು. "ಹೊರಗಿಂದ ತಗೋಬೇಕು. ಲೈಫ್ ಲಾಂಗ್. ಚರ್ಮದಿಂದ ಒಳಗೆ ಹೋಗುತ್ತೆ ಅದು. ಯಾರಿಗೆ ಹಚ್ಚಿದ್ರೂ."

ಅಮ್ಮ ಗಣಿತ ಹೇಳಿಕೊಟ್ಟವಳು, ಉಳಿದ ಹೆಜ್ಜೆಗಳನ್ನು ತಾನೇ ಹಾಕಿಕೊಂಡಳು. "ಪುಟ್ಟೀಗೆ ಆಗಿರೋದು…"

"ಅದರಿಂದಲೇ ಇರ್ಬೇಕು. ಇನ್ನೂ ಟೆಸ್ಟ್ ಆಗ್ಬೇಕು."

ಅಮ್ಮ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ಎದ್ದು ಹೋಗಿ ಸಿಂಕಿನಲ್ಲಿ ಕೈ ತೊಳೆದಳು. ಆಗಲೇ ತೊಳೆದಿದ್ದ ಕೈ. ಅಕ್ಕ ಹತ್ತಿರ ಹೋದರೆ ಭುಜದಿಂದಲೇ ಬೇಡ ಎಂದಳು. ನಲ್ಲಿ ನಿಲ್ಲಿಸಿ, ಬೆನ್ನು ನಮ್ಮ ಕಡೆಗೇ ಇರುವಾಗ, "ನಾನು ಎಷ್ಟೋ ವರ್ಷದಿಂದ ಥೈರಾಯ್ಡ್ ಮಾತ್ರೆ ನುಂಗ್ತಿದೀನಿ," ಎಂದಳು. "ನಮ್ಮ ಬೀದಿಯ ಹೂವಿನವಳಿಗೂ ಗೊತ್ತು ಅದು. ಇದನ್ನೊಂದು ಮಾತು ಹೇಳೋಕೆ ಏನಾಗಿತ್ತು ಅಳಿಯಂದ್ರೇ?"

"ಎರಡೂ ಒಂದೇ ಅಲ್ಲ ಅತ್ತೆ."

"ಎರಡೂ ಹಾರ್ಮೋನೇ ತಾನೇ? ಅದೂ ಗ್ರಂಥಿ, ಇದೂ ಗ್ರಂಥಿ."

ಅಮ್ಮ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು, ಆದರೆ ಕೈ ಗಲ್ಲದ ಮೇಲಿತ್ತು. "ಹಾಗಾದ್ರೆ ಇಲ್ಲಿ ಬಂದಿರೋ ಕೂದಲು ವಯಸ್ಸಿಂದಲ್ಲ! ನಾನು ದಿನಾ ಕೂತು ಕೀಳ್ತಿದ್ದೆ."

ಅಕ್ಕನಿಗೆ ನಗು ಬಂತು, ಬಂದದ್ದು ನಿಲ್ಲಲಿಲ್ಲ, ಅರ್ಧಕ್ಕೆ ಅಳುವಾಯಿತು. ಹೊರಗೆ ಪುಟ್ಟಿ ತನ್ನ ವಯಸ್ಸಿನ ಮಕ್ಕಳಿಗಾಗಿ ಮಾಡಿದ ಉಯ್ಯಾಲೆಯಲ್ಲಿ ಮೊಣಕಾಲು ಮಡಿಚಿಕೊಂಡು ತೂಗುತ್ತಿದ್ದಳು.

ಅಮ್ಮ ಊರಿಗೆ ಹೊರಡುವ ಮುಂಚೆ ಫಲಿತಾಂಶ ಬಂತು. ಪುಟ್ಟಿಯ ರಕ್ತದಲ್ಲಿ ಟೆಸ್ಟೋಸ್ಟೆರಾನ್ ಆ ವಯಸ್ಸಿನ ಮಕ್ಕಳಿಗೆ ಇರಬೇಕಾದಷ್ಟಕ್ಕೆ ಇಳಿದಿತ್ತು. ಅಮ್ಮನದೂ ಇಳಿಯುತ್ತಿತ್ತು. ಸ್ಕ್ಯಾನ್ ರದ್ದಾಯಿತು. ಬೆವರಿನ ವಾಸನೆ ಹೋಯಿತು, ಮೊಡವೆ ಒಣಗಿತು, ಕೂದಲು ನಿಧಾನವಾಗಿ ಹೋಗಬಹುದು ಎಂದರು. ಆದರೆ ಕೈಯ ಎಕ್ಸ್-ರೇನಲ್ಲಿ ಮೂಳೆಗಳ ವಯಸ್ಸು ಮಗುವಿನ ವಯಸ್ಸಿಗಿಂತ ಮುಂದೆ ಹೋಗಿತ್ತು. ಮೂಳೆ ಹಿಂದಕ್ಕೆ ಬರುವುದಿಲ್ಲ. ಈಗ ಎಲ್ಲರಿಗಿಂತ ಎತ್ತರವಿರುವ ಮಗುವಿನ ಬೆಳವಣಿಗೆ ಮುಂದೆ ಎಲ್ಲರಿಗಿಂತ ಬೇಗ ನಿಲ್ಲಬಹುದು, ನಿಲ್ಲದೆಯೂ ಇರಬಹುದು. ಆಗಾಗ ಬಂದು ತೋರಿಸುತ್ತಿರಿ ಎಂದರು ಡಾಕ್ಟರು.

ಭಾವನ ಔಷಧಿ ನಿಲ್ಲಲಿಲ್ಲ, ನಿಲ್ಲಿಸುವಂಥದ್ದೂ ಅಲ್ಲ. ವಾರಕ್ಕೊಮ್ಮೆ ತೊಡೆಗೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ರಕ್ತ ಗಟ್ಟಿಯಾಗುತ್ತಿದೆಯೇ, ಪ್ರಾಸ್ಟೇಟ್ ಸರಿಯಿದೆಯೇ ಎಂದು ನಿಯಮಿತವಾಗಿ ಪರೀಕ್ಷೆ ಮಾಡಿಸುತ್ತಾರೆ. ಸೀಸೆಗಳು ಬೀಗದ ಡಬ್ಬಿಯಲ್ಲಿವೆ, ಲೇಬಲ್ ಸಮೇತ. ಭಾನುವಾರದ ವಿಡಿಯೋ ಕಾಲ್‌ನಲ್ಲಿ ಮೈಸೂರಿನ ಜಗುಲಿಯಿಂದ ಅಮ್ಮ ಕೂಗುತ್ತಾಳೆ: "ಅಳಿಯಂದ್ರೇ, ಇಂಜೆಕ್ಷನ್ ಆಯ್ತಾ?" ಅಮ್ಮನ ಹಿಂದೆ ಯಾವಾಗಲೂ ಯಾರಾದರೊಬ್ಬರು ಇರುತ್ತಾರೆ. "ಆಯ್ತು ಅತ್ತೆ," ಎನ್ನುತ್ತಾರೆ ಭಾವ. ಆ ಎರಡು ಪದಕ್ಕೆ ಅವರಿಗೆ ಎಷ್ಟು ಧೈರ್ಯ ಬೇಕಾಗುತ್ತದೆ ಎಂದು ನನಗೆ ಅಂದಾಜಿದೆ. ನನ್ನಿಂದಾಗುತ್ತಿರಲಿಲ್ಲ.

ಆ ವರ್ಷದ ಯುಗಾದಿಗೂ ನಾನು ಹೋಗಿದ್ದೆ. ಅದೇ ಕ್ಲಬ್‌ಹೌಸ್, ಅದೇ ಹೋಳಿಗೆಯ ಮೇಜು. ಪಕ್ಕದ ಬೀದಿಯ ಅಂಕಲ್ ತೋಳಿಲ್ಲದ ಟೀ ಶರ್ಟಿನಲ್ಲಿದ್ದರು. ಜಾನ್ಸ್ ಕ್ರೀಕಿನಿಂದ ಬಂದಿದ್ದ ಮೊಮ್ಮಗಳು ಅವರ ಹೆಗಲ ಮೇಲೆ ಕೆನ್ನೆಯಿಟ್ಟು ನಿದ್ದೆ ಹೋಗಿದ್ದಳು. ಕುದುರೆಯ ಮಾತು ಮತ್ತೆ ಶುರುವಾಗಿತ್ತು. ಭಾವ ತಟ್ಟೆ ಕೆಳಗಿಟ್ಟರು.

"ಅಂಕಲ್, ನೀವು ತಗೊಳ್ಳೋದು ಜೆಲ್ಲಾ, ಇಂಜೆಕ್ಷನ್ನಾ?"

"ಜೆಲ್ಲಪ್ಪ. ಯಾಕೆ, ನಿಂಗೂ ಬೇಕಾ?" ಯಾರೋ ನಗಲು ಶುರು ಮಾಡಿದರು.

"ನಾನೂ ತಗೋತೀನಿ. ಆಪರೇಷನ್ ಆದಾಗಿಂದ." ಭಾವ ಧ್ವನಿ ಏರಿಸಲಿಲ್ಲ. "ಮಗೂನ ಹಾಗೆ ಭುಜದ ಮೇಲೆ ಮಲಗಿಸ್ಕೋಬೇಡಿ. ಅದು ಮಕ್ಕಳಿಗೆ ದಾಟುತ್ತೆ. ನಮ್ಮನೇಲಿ ಆಗಿದೆ."

ನಗು ಅಲ್ಲೇ ನಿಂತಿತು. "ನಮ್ಮ ಕ್ಲಿನಿಕ್ಕಲ್ಲಿ ಹಂಗೇನೂ ಹೇಳ್ಲಿಲ್ವಲ್ಲಪ್ಪಾ," ಎಂದರು ಅಂಕಲ್. ಹಾಗೆನ್ನುತ್ತಲೇ ಮೊಮ್ಮಗಳನ್ನು ಎಬ್ಬಿಸದಂತೆ ಹೆಗಲಿನಿಂದ ಬಿಡಿಸಿ ಆಂಟಿಯ ಕೈಗೆ ಕೊಟ್ಟರು. ಆಂಟಿ ಮಗುವಿನ ಕೆನ್ನೆಯನ್ನು ಒದ್ದೆ ಕರವಸ್ತ್ರದಿಂದ ಒರೆಸುತ್ತಾ ಭಾವನನ್ನೇ ನೋಡುತ್ತಿದ್ದರು.

ಮನೆಗೆ ಹೋಗುವಾಗ ಕಾರಿನ ಹಿಂದಿನ ಸೀಟಿನಲ್ಲಿ ಪುಟ್ಟಿ ನನ್ನ ಪಕ್ಕ ಕೂತಿದ್ದಳು. ಅವಳ ಕಾಲು ಮುಂದಿನ ಸೀಟಿಗೆ ತಾಗುತ್ತಿತ್ತು.

"ಅಪ್ಪಾ, ಐ ಆಮ್ ಸ್ಟಿಲ್ ದ ಟಾಲೆಸ್ಟ್. ನೆಕ್ಸ್ಟ್ ಇಯರ್ ಕೂಡ ಟಾಲೆಸ್ಟ್ ಇರ್ತೀನಾ?"

ಅಕ್ಕ ಭಾವನ ಕಡೆ ನೋಡಿದಳು. ಭಾವ ಕನ್ನಡಿಯಲ್ಲಿ ಮಗುವನ್ನು ನೋಡಿದರು.

"ಗೊತ್ತಿಲ್ಲ ಪುಟ್ಟಿ," ಎಂದರು. "ನಿಜವಾಗ್ಲೂ ಇನ್ನೂ ಗೊತ್ತಿಲ್ಲ."